ಬರೆದಿಡದ ಒಪ್ಪಂದ, ಎಣಿಸಿ ಹೇಳದ ಮತ

ಅಧ್ಯಕ್ಷರೇ, ನವನಗರದ ಸಭಿಕರೇ,

ಪಕ್ಷಗಳ ನಾಯಕತ್ವದ ಬಗ್ಗೆ ಬಾಗಲಕೋಟೆಯಲ್ಲಿ ನಿಂತು ಮಾತನಾಡುವವರು 1962ನ್ನು ದಾಟಿ ಹೋಗುವಂತಿಲ್ಲ. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದಿತು, ಹೊಸದುರ್ಗದಲ್ಲಿ ಎಸ್. ನಿಜಲಿಂಗಪ್ಪ ಸೋತರು. ಹುನಗುಂದದ ಎಸ್.ಆರ್. ಕಂಠಿ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ಬಾಗಲಕೋಟೆಯ ಶಾಸಕರು ಸ್ಥಾನ ತೆರವು ಮಾಡಿಕೊಟ್ಟರು, ನಿಜಲಿಂಗಪ್ಪ ಇಲ್ಲಿಂದ ಅವಿರೋಧವಾಗಿ ಆರಿಸಿ ಬಂದರು, ಜೂನ್‌ನಲ್ಲಿ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ಅವರನ್ನು ಭರತನೆಂದು ಹೊಗಳುವುದು ನಮ್ಮ ಜಿಲ್ಲೆಯ ರೂಢಿ. ಹೊಗಳೋಣ. ಆದರೆ ಈ ಕಥೆಯಲ್ಲಿ ಇಲ್ಲಿಯ ಮತದಾರನಿಗೆ ಒಂದು ಸಾಲಿನ ಮಾತೂ ಇಲ್ಲ. (ಅಂದಿನ ಎಷ್ಟೋ ಓಣಿಗಳು ಈಗ ಆಲಮಟ್ಟಿಯ ಹಿನ್ನೀರಿನಲ್ಲಿವೆ, ಅದು ಬೇರೆ ಸಂಕಟ.)

ಎಲ್ಲವೂ ಒಬ್ಬರ ದೊಡ್ಡತನದ ಮೇಲೆ ನಿಂತಿತ್ತು. ಅಂಥ ದೊಡ್ಡತನ ಸಿಗದಿದ್ದಾಗ ಏನಾಗುತ್ತದೆ ಎಂಬುದನ್ನು 2007ರಲ್ಲಿ ಕಂಡೆವು. ಜೆಡಿಎಸ್ ಮತ್ತು ಬಿಜೆಪಿ ನಡುವಿನ 20 ತಿಂಗಳ ಅಧಿಕಾರ ಹಂಚಿಕೆ ಮುರಿದುಬಿತ್ತು. ನವೆಂಬರ್‌ನಲ್ಲಿ ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿ ಒಂದೇ ವಾರದಲ್ಲಿ ಇಳಿದರು.

ಈಗಿನ ಪದ್ಧತಿಯನ್ನು ನೋಡಿ. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಶಾಸಕರು ಬೆಂಗಳೂರಿನ ಹೋಟೆಲೊಂದರಲ್ಲಿ ಸೇರಿದರು. ನಾಯಕನ ಆಯ್ಕೆಯನ್ನು ಹೈಕಮಾಂಡ್‌ಗೆ ಬಿಡುವ ಒಂದು ಸಾಲಿನ ನಿರ್ಣಯವಾಯಿತು. ವೀಕ್ಷಕರು ಶಾಸಕರ ಅಭಿಪ್ರಾಯ ಪಡೆದು ದೆಹಲಿಗೆ ಹೊರಟರು. ಯಾರಿಗೆ ಎಷ್ಟು ಬೆಂಬಲ ಎಂಬುದನ್ನು ಪಕ್ಷ ಪ್ರಕಟಿಸಲಿಲ್ಲ. ಅಭಿಪ್ರಾಯ ಕೇಳಿದ ಮೇಲೆ ಲೆಕ್ಕ ಮುಚ್ಚಿಡುವುದೇಕೆ? ಅದೇ ಪಕ್ಷ 2022ರ ಅಕ್ಟೋಬರ್‌ನಲ್ಲಿ ತನ್ನ ರಾಷ್ಟ್ರೀಯ ಅಧ್ಯಕ್ಷರನ್ನು ಮತದಾನದಿಂದ ಆರಿಸಿತು: ನಮ್ಮ ಖರ್ಗೆಯವರಿಗೆ 7,897, ಶಶಿ ತರೂರ್ ಅವರಿಗೆ 1,072. ಅಂಕಿ ಹೊರಬಂದಿತು, ಪಕ್ಷವೇನೂ ಒಡೆಯಲಿಲ್ಲ.

ಉಳಿದವರು ಮೀಸೆ ತಿರುವಬೇಕಾಗಿಲ್ಲ. ಅದೇ 2023ರಲ್ಲಿ ಬಿಜೆಪಿ ತನ್ನ ವಿರೋಧ ಪಕ್ಷದ ನಾಯಕನ ಹೆಸರು ಹೇಳುವಷ್ಟರಲ್ಲಿ ನವೆಂಬರ್ ಬಂದಿತ್ತು. ಜೆಡಿಎಸ್ ತನ್ನ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ಅವರನ್ನು ಅಕ್ಟೋಬರ್‌ನಲ್ಲಿ ಕೆಳಗಿಳಿಸಿತು. ಆ ಕುರ್ಚಿ ಕುಮಾರಸ್ವಾಮಿಯವರಿಗೆ, ಅಂದರೆ ಮತ್ತೆ ಮನೆಯವರಿಗೇ, ಹೋಯಿತು.

ಕಾನೂನು ಇದರಲ್ಲಿ ಹೆಚ್ಚು ನೆರವಾಗದು. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪ್ರಕಾರ ನೋಂದಣಿ ಬಯಸುವ ಪಕ್ಷ ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ ನಿಷ್ಠೆ ಘೋಷಿಸಬೇಕು. ಆ ನಿಷ್ಠೆಗೆ ತಪ್ಪಿ ನಡೆದರೂ ಸಾಮಾನ್ಯವಾಗಿ ನೋಂದಣಿ ರದ್ದು ಮಾಡುವ ಅಧಿಕಾರ ಚುನಾವಣಾ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಹಾಗಾಗಿ ಕೇಳುವ ಕೆಲಸ ಕಾರ್ಯಕರ್ತರದು, ನಮ್ಮದು. ಬ್ಯಾನರ್ ಕಟ್ಟುವ, ಬೂತ್‌ನಲ್ಲಿ ದಿನವಿಡೀ ಕೂರುವ ಹುಡುಗನಿಗೆ ತನ್ನ ಜಿಲ್ಲಾಧ್ಯಕ್ಷ ಬದಲಾದ ಸುದ್ದಿ ಪತ್ರಿಕೆಯಿಂದ ತಿಳಿಯುವುದು ನನಗೆ ಅವಮಾನವಾಗಿ ಕಾಣುತ್ತದೆ.

ಪ್ರಶ್ನೋತ್ತರಕ್ಕೆ ಸಮಯ ಉಳಿಸಿದ್ದೇನೆ. ಸಭೆಯಲ್ಲಿ ಪಕ್ಷಗಳ ಪದಾಧಿಕಾರಿಗಳಿದ್ದರೆ ಮೊದಲು ಅವರೇ ಎದ್ದು, ತಮ್ಮನ್ನು ಯಾರು, ಎಷ್ಟು ಮತಗಳಿಂದ ಆರಿಸಿದರು ಎಂದು ತಿಳಿಸಬಹುದು.