ಕೆಂಚಿಯ ಬಟ್ಟಲಿಗೆ ದಿನಕ್ಕೆ 46 ರೂಪಾಯಿ

ನನ್ನ ನಾಯಿ ಕೆಂಚಿಗೆಂದು ದಾವಣಗೆರೆಯ ಮಂಡಿಪೇಟೆ ಕಡೆಯಿಂದ ಈಗಷ್ಟೇ ತಂದಿರುವ ಒಣ ಆಹಾರದ 3 ಕೆ.ಜಿ. ಚೀಲ ಇದು, ಬೆಲೆ 690 ರೂಪಾಯಿ. ಇದನ್ನು ಕತ್ತರಿಸುವ ಮೊದಲು ಕಳೆದ ತಿಂಗಳ ಸಂಗತಿಯೊಂದನ್ನು ಹೇಳಬೇಕು, ಏಕೆಂದರೆ ಅದು ಆಗದಿದ್ದರೆ ನಾನು ಈ ಚೀಲದ ಹಿಂಬದಿಯನ್ನು ಓದುತ್ತಲೇ ಇರಲಿಲ್ಲ.

ಅಂಗಡಿಯೊಂದರಲ್ಲಿ ದೊಡ್ಡ ಮೂಟೆಯ ಬಾಯಿ ಬಿಚ್ಚಿಟ್ಟು, ಕೆ.ಜಿ.ಗೆ 130 ರೂಪಾಯಿಯಂತೆ ನಾಯಿಯ ಒಣ ಆಹಾರವನ್ನು ಲೂಸಾಗಿ ತೂಗಿ ಕೊಡುತ್ತಿದ್ದರು. ಕೆ.ಜಿ.ಗೆ 100 ರೂಪಾಯಿ ಉಳಿಯಿತೆಂದು 5 ಕೆ.ಜಿ. ತಂದೆ. ತಯಾರಾದ ದಿನಾಂಕವಿರಲಿಲ್ಲ, ಏನು ಸೇರಿದೆಯೆಂಬ ಪಟ್ಟಿಯೂ ಇರಲಿಲ್ಲ. ಸಣ್ಣಗೆ ಕಮಟು ವಾಸನೆ ಬರುತ್ತಿದ್ದರೂ ನಾಯಿಯ ಆಹಾರವೇ ಹೀಗಿರಬಹುದೆಂದು ಸುಮ್ಮನಾದೆ. ಮೂರನೆಯ ದಿನ ಕೆಂಚಿಗೆ ಭೇದಿ ಶುರುವಾಯಿತು. ಗಾಳಿಗೆ ತೆರೆದಿಟ್ಟ ಆಹಾರದಲ್ಲಿನ ಕೊಬ್ಬು ಕೆಡುತ್ತದೆ ಎಂದ ಪಶುವೈದ್ಯರು, ಹಳೆಯ ಆಹಾರವನ್ನು ಒಂದೇ ದಿನದಲ್ಲಿ ಬದಲಿಸಿದ್ದೂ ತಪ್ಪೆಂದರು. ಆ ಎರಡನೆಯ ತಪ್ಪು ಪೂರ್ತಿ ನನ್ನದು. ಚಿಕಿತ್ಸೆಗೆ 640 ರೂಪಾಯಿ ಆಯಿತು. 14 ಕೆ.ಜಿ. ತೂಗುವ ಕೆಂಚಿ ದಿನಕ್ಕೆ 200 ಗ್ರಾಂ ತಿನ್ನುತ್ತಾಳೆ. ಲೂಸ್ ಆಹಾರಕ್ಕೆ 26 ರೂಪಾಯಿ, ಈ ಚೀಲದ್ದಕ್ಕೆ 46. ದಿನಕ್ಕೆ ಉಳಿಯುವ 20 ರೂಪಾಯಿಯ ಲೆಕ್ಕದಲ್ಲಿ, 32 ದಿನಗಳ ಉಳಿತಾಯ ಒಂದೇ ಮಧ್ಯಾಹ್ನ ಹೋಯಿತು. ಅದಕ್ಕಿಂತ, ರಾತ್ರಿಯಿಡೀ ಬಾಗಿಲ ಬಳಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ ಅವಳನ್ನು ಮರೆಯಲು ಆಗುತ್ತಿಲ್ಲ.

ಈಗ ಹಿಂಬದಿಯನ್ನು ಹತ್ತಿರದಿಂದ ತೋರಿಸುತ್ತಿದ್ದೇನೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಇಲ್ಲಿ ಮೊದಲು ಕೋಳಿ, ನಂತರ ಮೆಕ್ಕೆಜೋಳ. ಮೆಕ್ಕೆಜೋಳವಿದ್ದರೆ ಮುಟ್ಟಲೇಬಾರದೆಂದು ನಾನು ಹಿಂದೆ ಹೇಳುತ್ತಿದ್ದೆ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮನುಷ್ಯರ ಜೊತೆ ಬದುಕುತ್ತ ಬಂದ ನಾಯಿಗೆ ಪಿಷ್ಟವನ್ನು ಅರಗಿಸುವ ಶಕ್ತಿ ತೋಳಕ್ಕಿಂತ ಹೆಚ್ಚಿದೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಕಣ್ಣು ಹಾಯಿಸಿದಷ್ಟೂ ಕಾಣುವ ಈ ಬೆಳೆ ಚೆನ್ನಾಗಿ ಬೆಂದಿದ್ದರೆ ಅವಳಿಗೆ ಒಗ್ಗುತ್ತದೆ. ಆದರೆ ಅದೇ ಮೊದಲ ಸಾಲಿನಲ್ಲಿದ್ದು ಮಾಂಸ ಎಲ್ಲೋ ಕೊನೆಗಿದ್ದರೆ ನಾನು ಕೊಳ್ಳುವುದಿಲ್ಲ.

ಪ್ರೋಟೀನ್ ಶೇ. 24, ತೇವಾಂಶ ಶೇ. 10 ಎಂದಿದೆ. ತೇವಾಂಶ ಕಳೆದರೆ ಪ್ರೋಟೀನ್ ಸುಮಾರು ಶೇ. 27 ಆಗುತ್ತದೆ, ಪಶು ಆಹಾರದ ಗುಣಮಟ್ಟಕ್ಕೆ ಮಾದರಿ ನಿಯಮ ರೂಪಿಸುವ ಅಮೆರಿಕದ ಎಎಎಫ್‌ಸಿಒ ಸಂಘದ ಮಾನದಂಡವು ಇದೇ ಲೆಕ್ಕದಲ್ಲಿ ಬೆಳೆದ ನಾಯಿಗೆ ಕನಿಷ್ಠ ಶೇ. 18, ಮರಿಗೆ ಶೇ. 22.5 ಇರಬೇಕೆನ್ನುತ್ತದೆ. ಪಕ್ಕದಲ್ಲಿರುವ ಗ್ರೇವಿ ಪೊಟ್ಟಣವನ್ನೂ ನೋಡಿ: 100 ಗ್ರಾಂಗೆ 45 ರೂಪಾಯಿ, ಅದರಲ್ಲಿ 80 ಗ್ರಾಂ ನೀರು, 8 ಗ್ರಾಂ ಪ್ರೋಟೀನ್. ಚೀಲದ 100 ಗ್ರಾಂನಲ್ಲಿ 23 ರೂಪಾಯಿಗೆ 24 ಗ್ರಾಂ ಸಿಗುತ್ತದೆ. ಹಲ್ಲಿಲ್ಲದ ಮುದಿ ನಾಯಿಗೆ ಪೊಟ್ಟಣ ಬೇಕಾಗಬಹುದು, ಕೆಂಚಿಗೆ ಬೇಡ.

ಬರೀ ಹಾಲನ್ನ ಹಾಕಿದರೆ ಸಾಲದೇ ಎಂದು ಅಮ್ಮ ಕೇಳುತ್ತಾರೆ. ಸಾಲದು, ಬೆಳೆದ ಅನೇಕ ನಾಯಿಗಳಿಗೆ ಹಾಲು ಅರಗುವುದಿಲ್ಲ, ಅನ್ನದಲ್ಲಿ ಸಾಕಷ್ಟು ಪ್ರೋಟೀನ್ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಂತೂ ನಾಯಿಯ ರಕ್ತಕಣಗಳನ್ನೇ ಒಡೆಯುವಂಥದ್ದು.

ಬಟ್ಟಲಿನಲ್ಲಿ ಕಾಣುತ್ತಿರುವುದು ಮುಕ್ಕಾಲು ಪಾಲು ವೈದ್ಯರು ಹೇಳಿದ ಮೂಳೆಯಿಲ್ಲದ ಕೋಳಿ ಮತ್ತು ಅನ್ನ, ಕಾಲು ಪಾಲು ಹೊಸ ಆಹಾರ. ಏಳು ದಿನಗಳಲ್ಲಿ ಈ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಬದಲಿಸುತ್ತೇನೆ. ಕೆಂಚಿ ಬಂದಳು, ಚೀಲದ ಬಾಯಿ ಬಿಗಿಯಾಗಿ ಮಡಚಿ ಡಬ್ಬಿಗೆ ಇಡುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತದೆ.