ಕೆಪಾಸಿಟರ್ ಪೇಟೆಯಲ್ಲೇ ಕೊಳ್ಳಿ

ಕೇಳುಗರೇ, ನಮಸ್ಕಾರ.

ಬೇಸಿಗೆ ಬಂತು ಅಂದರೆ ಗುಬ್ಬಿ, ತಿಪಟೂರು ಕಡೆಯ ತೋಟಗಳಲ್ಲಿ ಒಂದು ತಾಪತ್ರಯ ಇದ್ದದ್ದೇ. ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಸಿಂಗಲ್ ಫೇಸ್ ಮೋಟರ್ ಆದರೆ ಎಷ್ಟೋ ಸಲ ಕೆಟ್ಟಿರುವುದು ಸ್ಟಾರ್ಟರ್ ಡಬ್ಬಿಯೊಳಗಿನ ಕೆಪಾಸಿಟರ್, ಅಂದರೆ ಮೋಟರ್ ಶುರುವಾಗಲು, ಓಡಲು ನೆರವಾಗುವ ಬಿಡಿಭಾಗ. ಮೊಬೈಲಿನಲ್ಲಿ ಆರ್ಡರ್ ಹಾಕಿ ದಿನಗಟ್ಟಲೆ ಕಾದರೆ ಎಳೆ ಅಡಿಕೆ ಸಸಿಗಳ ಗತಿ ಏನು?

ಹಳೆಯ ಕೆಪಾಸಿಟರ್ ಹಿಡಿದುಕೊಂಡು ತುಮಕೂರು ಪೇಟೆಗೆ ಬನ್ನಿ. ಅಂಗಡಿಯವರು ಮೊದಲು ಕೇಳುವುದೇ, "ಯಜಮಾನ್ರೇ, ಹೋಗಿರೋದು ಸ್ಟಾರ್ಟಿಂಗಾ, ರನ್ನಿಂಗಾ? ಮೋಟರ್ ಎಷ್ಟು ಎಚ್‌ಪಿ?" ಈ ಪ್ರಶ್ನೆಗೆ ಬೆಲೆ ಕಟ್ಟಲಾಗದು. ಸ್ಟಾರ್ಟಿಂಗ್ ಕೆಪಾಸಿಟರ್ ಕೆಲಸ ಕೆಲವೇ ಸೆಕೆಂಡು, ರನ್ನಿಂಗ್ ಕೆಪಾಸಿಟರ್ ಕೆಲಸ ಮೋಟರ್ ಓಡುವಷ್ಟು ಹೊತ್ತೂ. ಅದನ್ನು ರನ್ನಿಂಗ್ ಜಾಗಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ. ಮೈಕ್ರೋಫ್ಯಾರಡ್, ಅಂದರೆ ಕೆಪಾಸಿಟರ್ ಮೇಲೆ ಬರೆದಿರುವ ಅದರ ಅಳತೆ, ಹಳೆಯದರಷ್ಟೇ ಇರಬೇಕು. ವೋಲ್ಟೇಜ್ 440 ಅಂತ ಬರೆದಿದ್ದರೆ ಅಷ್ಟಿರಲಿ, ಇಲ್ಲವೇ ಜಾಸ್ತಿ ಇರಲಿ, ಕಡಿಮೆ ಮಾತ್ರ ಬೇಡ. ಹಾಂ, ಬಿಚ್ಚುವಾಗ ಹುಷಾರು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಿ.

ಮನೆಯ ಫ್ಯಾನ್ ಕೆಪಾಸಿಟರಿಗೂ ಇದೇ ಮಾತು. ಕರೆಂಟ್ ಹರಿವು ತಗ್ಗಿಸುವ ರೆಸಿಸ್ಟರ್ ಅನ್ನುವ ಒಂದೆರಡು ರೂಪಾಯಿಯ ಪುಟ್ಟ ಬಿಡಿಭಾಗಕ್ಕೆ ಅದರ ಹತ್ತಾರು ಪಟ್ಟು ಕೊರಿಯರ್ ಖರ್ಚು ಯಾಕೆ ಕೊಡಬೇಕು, ಅಲ್ವಾ?

ಆನ್‌ಲೈನ್ ಬೇಡವೇ ಬೇಡ ಅಂತಲ್ಲ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ವೈಫೈ ಇರುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ 32 ಬೋರ್ಡು, ಬಗೆಬಗೆಯ ಸೆನ್ಸರುಗಳು ಬೇಕು. ಇವು ನಮ್ಮೂರಲ್ಲಿ ಕೇಳಿದ ತಕ್ಷಣ ಸಿಗುವುದು ಕಷ್ಟ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲೂ ಕಸುವು ಕಡಿಮೆಯಾಗಿರಬಹುದು.

ಆದರೆ ಆನ್‌ಲೈನಿನಲ್ಲಿ ಬ್ಯಾಟರಿ ಸೆಲ್ ಕೊಳ್ಳುವಾಗ ಕಣ್ಣು ತೆರೆದಿರಲಿ. 18650 ಅನ್ನುವ ಲಿಥಿಯಂ ಸೆಲ್ ಮೇಲೆ 9900 ಎಂಎಎಚ್ ಅಂತ ದೊಡ್ಡದಾಗಿ ಅಚ್ಚು ಹಾಕಿ ಮಾರುತ್ತಾರೆ. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ. ಆ 9900 ಶುದ್ಧ ಸುಳ್ಳು. ಆ ಅಳತೆಯ ಒಳ್ಳೆಯ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 3500ರ ಆಸುಪಾಸು. ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಕೈಗೆ ತೀರಾ ಹಗುರ ಅನ್ನಿಸಿದರೆ ಸುಮ್ನೆ ವಾಪಸ್ ಕಳಿಸಿ. ಹಳೇ ಬೋರ್ಡಿನಿಂದ ಕಿತ್ತ ಐಸಿಗಳನ್ನು, ಅಂದರೆ ಚಿಪ್‌ಗಳನ್ನು, ಉಜ್ಜಿ, ಹೊಸ ನಂಬರ್ ಹಾಕಿ ಮಾರುವುದೂ ಉಂಟು. ಕಾಲುಗಳ ಮೇಲೆ ಹಳೇ ಸೋಲ್ಡರ್ ಗುರುತು ಕಂಡರೆ ಅನುಮಾನ ಪಡಿ.

ನಮ್ಮ ಅಂಗಡಿಗಳು ಉಳಿಯಬೇಕು ಅನ್ನುವುದು ನನ್ನ ಆಸೆ. ಗಿರಾಕಿಯೇ ಬರದಿದ್ದರೆ ಅವರು ತಾನೇ ಎಷ್ಟು ಸರಕು ತಂದಿಡುತ್ತಾರೆ? ವಿದ್ಯಾರ್ಥಿಗಳೇ, ಪ್ರಾಜೆಕ್ಟ್ ಶುರುವಾಗುವ ಮೊದಲೇ ತರಗತಿಯವರೆಲ್ಲ ಸೇರಿ ಒಂದೇ ಪಟ್ಟಿ ಬರೆದು ಅಂಗಡಿಯಲ್ಲಿ ಕೊಡಿ. ಎಲೆಕ್ಟ್ರಾನಿಕ್ಸ್ ಸಾಮಾನಿನ ದೊಡ್ಡ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆ ಇಲ್ಲಿಂದ 70 ಕಿಲೋಮೀಟರ್ ಆಸುಪಾಸು. ಅಂಗಡಿಯವರು ಸರಕಿಗೆ ಅಲ್ಲಿಗೆ ಹೋದಾಗ ನಿಮ್ಮದನ್ನೂ ತರಬಹುದು. ಪಟ್ಟಿಯಲ್ಲಿ ಪ್ರತಿಯೊಂದರ ಪೂರ್ತಿ ನಂಬರ್ ಇರಲಿ, ಎಷ್ಟು ಬೇಕು ಅನ್ನುವುದೂ ಇರಲಿ.

ನಮಸ್ಕಾರ.