ಮಳೆಗಾಲದಲ್ಲಿ ನಿಮ್ಮ ಕರೆ ಎತ್ತುವವರು ಯಾರು? ವಾಯ್ಸ್‌ಮೇಲ್ ಬೇಕೋ, ಆನ್ಸರಿಂಗ್ ಮಷೀನ್ ಬೇಕೋ

[ದೃಶ್ಯ: ಜಗಲಿಯ ಮೇಜು. ಅದರ ಮೇಲೆ ಫೈಬರ್ ಮೋಡೆಮ್, ಲ್ಯಾಂಡ್‌ಲೈನ್ ಫೋನ್, ಒಂದು ಆನ್ಸರಿಂಗ್ ಮಷೀನ್. ಹೊರಗೆ ಮಳೆಯ ಸದ್ದು.]

ನಮಸ್ಕಾರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇವತ್ತಿಗೂ ಲ್ಯಾಂಡ್‌ಲೈನ್ ಇಟ್ಟುಕೊಂಡವರು ಇದ್ದಾರೆ. ಹಳೆಯದರ ಮೇಲಿನ ಮೋಹಕ್ಕಲ್ಲ. ಮನೆ ಇರುವುದು ತಗ್ಗಿನಲ್ಲಿ, ಸುತ್ತ ಗುಡ್ಡ, ಮೊಬೈಲ್ ಸಿಗ್ನಲ್ ಬೇಕಾದರೆ ದರೆ ಹತ್ತಬೇಕು. ಈಗ ಆ ಲ್ಯಾಂಡ್‌ಲೈನ್ ಕೂಡ ಎಷ್ಟೋ ಮನೆಗಳಲ್ಲಿ ತಾಮ್ರದ ತಂತಿ ಬಿಟ್ಟು ಫೈಬರ್‌ಗೆ ಬಂದಿದೆ. ಊರಿನ ಕೋಡ್ ಅದೇ 08181, ಅದೇ 08185, ಆದರೆ ಒಳಗೆ ಓಡುವುದು ಇಂಟರ್ನೆಟ್ ಫೋನ್.

ಮನೆಯವರೆಲ್ಲ ತೋಟದಲ್ಲಿದ್ದಾಗ ಬಂದ ಕರೆ ಏನಾಗಬೇಕು? ಎರಡು ದಾರಿ ಇದೆ. ಒಂದು, ಮನೆಯಲ್ಲೇ ಮಷೀನ್ ಇಟ್ಟು ಸಂದೇಶ ರೆಕಾರ್ಡ್ ಮಾಡಿಸುವುದು. ಇನ್ನೊಂದು, ಫೋನ್ ಕಂಪನಿಯ ಸರ್ವರ್‌ನಲ್ಲಿ ಸಂದೇಶ ಉಳಿಸುವ ವಾಯ್ಸ್‌ಮೇಲ್. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ: ಮಲೆನಾಡಿನ ಹೆಚ್ಚಿನ ಮನೆಗಳಿಗೆ ವಾಯ್ಸ್‌ಮೇಲೇ ಸರಿ. ಒಂದು ಥರದ ಮನೆಗೆ ಮಾತ್ರ ಅಲ್ಲ. ಅದು ಯಾವುದು ಅಂತ ಆಮೇಲೆ ಹೇಳುತ್ತೇನೆ.

[ದೃಶ್ಯ: ಆನ್ಸರಿಂಗ್ ಮಷೀನ್ ಹತ್ತಿರದಿಂದ. ಕೆಂಪು ಅಂಕಿ '2' ಮಿನುಗುತ್ತಿದೆ.]

ಮೊದಲು ಮಷೀನ್. ಯೋಚನೆ ಬಹಳ ಹಳೆಯದು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಧ್ವನಿ ಹಿಡಿದಿಡುವ ಯಂತ್ರ ಮಾಡಿದ್ದರು. ಫೋನಿನಲ್ಲಿ ಬಂದ ಮಾತನ್ನು ಉಳಿಸಿಕೊಳ್ಳುವುದೂ ಅವರ ಉದ್ದೇಶವಾಗಿತ್ತು. ಆಮೇಲೆ ಕ್ಯಾಸೆಟ್ ಬಂತು, ಈಗ ಚಿಪ್.

ಹಿಂದೆ ಎರಡು ವೈರ್ ನೋಡಿ. ಒಂದು ಫೋನ್ ಲೈನಿನದು, ಇನ್ನೊಂದು ಕರೆಂಟಿನದು. ಇಷ್ಟು ರಿಂಗ್ ಆದ ಮೇಲೆ ಎತ್ತು ಅಂತ ಹೇಳಿಟ್ಟರೆ ಮಷೀನೇ ಎತ್ತುತ್ತದೆ, ನಿಮ್ಮ ಧ್ವನಿ ಕೇಳಿಸುತ್ತದೆ, ಬೀಪ್ ಅನ್ನುತ್ತದೆ, ಅವರು ಹೇಳಿದ್ದನ್ನು ಹಿಡಿದಿಡುತ್ತದೆ. ಒತ್ತಿ ಕೇಳೋಣ.

[ಧ್ವನಿ, ಮಷೀನಿನಿಂದ: "ಭಟ್ರೇ, ನಾಳೆ ಮಳೆ ಹೊಳವಾದ್ರೆ ಔಷಧಿ ಹೊಡ್ಯಕ್ಕೆ ಬತ್ತೀನಿ. ಸುಣ್ಣ, ಮೈಲುತುತ್ತ ತಂದಿಟ್ಕಳಿ."]

ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರ ಇಂಥ ಒಂದು ಸಂದೇಶ ತಪ್ಪಿದರೆ ಏನಾಗುತ್ತದೆ ಅಂತ ಅಡಿಕೆ ಬೆಳೆಯುವವರಿಗೆ ನಾನು ಹೇಳಬೇಕಿಲ್ಲ. ಮಳೆ ಬಿಡುವು ಕೊಟ್ಟ ದಿನವೇ ಬೋರ್ಡೋ, ಅಂದರೆ ಆ ಸುಣ್ಣ-ಮೈಲುತುತ್ತದ ಔಷಧಿ, ಹೊಡೆಯಬೇಕು. ಆ ದಿನ ಅವರು ಬೇರೆ ತೋಟಕ್ಕೆ ಹೋದರೆ ಕೊಳೆ ರೋಗ ನಿಮಗಾಗಿ ಕಾಯುವುದಿಲ್ಲ.

[ದೃಶ್ಯ: ಕೈ ಗೋಡೆಯ ಸ್ವಿಚ್ ಆರಿಸುತ್ತದೆ. ಕೆಂಪು ಅಂಕಿ, ಮೋಡೆಮ್ ದೀಪಗಳು ಒಟ್ಟಿಗೆ ಆರುತ್ತವೆ.]

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ನಮ್ಮಲ್ಲಿ ಜೂನ್‌ನಿಂದ ಇದು ಸುದ್ದಿಯೇ ಅಲ್ಲ. ತಾಮ್ರದ ಲೈನ್ ಇದ್ದಾಗ ಫೋನಿಗೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು. ಊರಿಗೆಲ್ಲ ಕತ್ತಲೆಯಾದರೂ ಫೋನ್ ಬಾರಿಸುತ್ತಿತ್ತು. ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಹೋಗುತ್ತದೆ, ವಿದ್ಯುತ್ ಹೋಗುವುದಿಲ್ಲ. ಮೋಡೆಮ್‌ಗೆ ಕರೆಂಟ್ ಇಲ್ಲದಿದ್ದರೆ ಫೋನೂ ಇಲ್ಲ, ಪಕ್ಕದ ಮಷೀನೂ ಇಲ್ಲ. ಕೆಲವು ಮಷೀನಿಗೆ ಬ್ಯಾಟರಿ ಹಾಕಬಹುದು. ಅದರಿಂದ ಹಳೆ ಸಂದೇಶ ಅಳಿಸಿಹೋಗದೆ ಉಳಿಯಬಹುದು, ಹೊಸ ಕರೆ ಬರುವುದಿಲ್ಲ. ಮೋಡೆಮ್ ಸತ್ತಿರುವಾಗ ಮಷೀನ್ ಎಚ್ಚರ ಇದ್ದು ಏನು ಮಾಡಬೇಕು?

"ನಮ್ಮಲ್ಲಿ ಇನ್ವರ್ಟರ್ ಇದೆಯಲ್ಲ" ಅನ್ನುತ್ತೀರಿ. ಸರಿ, ಮೋಡೆಮ್ ಮತ್ತು ಮಷೀನ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿದ್ದೀರಿ. ಆದರೆ ಗುಡುಗು ಶುರುವಾದರೆ ನಾವು ಮಾಡುವ ಮೊದಲ ಕೆಲಸ ಯಾವುದು? ಟಿವಿ, ಮೋಡೆಮ್, ಎಲ್ಲದರ ಪ್ಲಗ್ ಕೀಳುವುದು. ಕೀಳಲೇಬೇಕು. ಫೈಬರ್ ಎಳೆಯಲ್ಲಿ ಸಿಡಿಲು ಹರಿಯದಿದ್ದರೂ ಅಡಾಪ್ಟರ್ ಕೂತಿರುವುದು ಕರೆಂಟ್ ಲೈನಿನಲ್ಲೇ ಅಲ್ವಾ? ತಾಮ್ರದ ಲೈನ್ ಇನ್ನೂ ಇರುವ ಮನೆಯಲ್ಲಂತೂ ಸಿಡಿಲಿಗೆ ಮಷೀನಿನೊಳಗೆ ಬರಲು ಎರಡು ಬಾಗಿಲು. ಅಂದರೆ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಮಳೆ ಇರುವಷ್ಟು ಹೊತ್ತೂ ನಾವೇ ಕೈಯಾರೆ ಫೋನ್ ಆರಿಸಿರುತ್ತೇವೆ. ಇನ್ನು ಮರ ಬಿದ್ದು ಕೇಬಲ್ಲೇ ಹರಿದರೆ ಇನ್ವರ್ಟರ್ ಇದ್ದೂ ಸುಖವಿಲ್ಲ.

[ದೃಶ್ಯ: ಸರಳ ಚಿತ್ರ. ಕರೆ ಮಾಡಿದವರಿಂದ ಸರ್ವರ್‌ಗೆ ಗೆರೆ, ಸರ್ವರ್‌ನಿಂದ ಮನೆಗೆ ಗೆರೆ. ಎರಡನೇ ಗೆರೆ ತುಂಡಾಗುತ್ತದೆ.]

ವಾಯ್ಸ್‌ಮೇಲ್ ಗೆಲ್ಲುವುದು ಇಲ್ಲೇ. ಕರೆ ಮೊದಲು ಬರುವುದು ಕಂಪನಿಯ ಸರ್ವರ್‌ಗೆ. ನಿಮ್ಮ ಮೋಡೆಮ್ ಸಿಗದಿದ್ದರೆ ಸರ್ವರೇ ಎತ್ತಿ ಸಂದೇಶ ತೆಗೆದುಕೊಳ್ಳುತ್ತದೆ. ಮನೆ ಕತ್ತಲೆಯಲ್ಲಿದ್ದರೂ, ಕೇಬಲ್ ಹರಿದಿದ್ದರೂ ಅಷ್ಟೇ. ಎಷ್ಟೋ ಸೇವೆಗಳು ಆ ಸಂದೇಶವನ್ನು ಧ್ವನಿ ಫೈಲ್ ಮಾಡಿ ಇ-ಮೇಲ್‌ಗೂ ಕಳಿಸುತ್ತವೆ. ಫೈಲ್ ದೊಡ್ಡದೇನಲ್ಲ. ಸಾಮಾನ್ಯ ಫೋನ್ ಗುಣಮಟ್ಟದ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ ಒಂದು ನಿಮಿಷದ ಮಾತಿಗೆ 480 ಕಿಲೋಬೈಟ್. ಶಿವಮೊಗ್ಗಕ್ಕೆ ಹೋದವರು ಬಸ್ಸಿನಲ್ಲೇ ಕೇಳಬಹುದು. ಬೆಂಗಳೂರಿನಲ್ಲಿರುವ ಮಗಳೂ ಕೇಳಿ, "ಅಪ್ಪಾ, ಸೊಸೈಟಿಯಿಂದ ಫೋನ್ ಬಂದಿತ್ತು" ಅನ್ನಬಹುದು.

ಹೋಂಸ್ಟೇ ನಡೆಸುವವರಿಗಂತೂ ಯೋಚನೆಯೇ ಬೇಡ. ಮಷೀನ್ ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಹಿಡಿಯುತ್ತದೆ. ಆಗಸ್ಟಿನಲ್ಲಿ ಜೋಗ ನೋಡಲು ಬರುವವರು ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಕರೆ ಮಾಡುವುದಿಲ್ಲ, ಶುಕ್ರವಾರ ಸಂಜೆ ಎಲ್ಲರೂ ಒಟ್ಟಿಗೇ ಮಾಡುತ್ತಾರೆ.

ಆದರೆ ವಾಯ್ಸ್‌ಮೇಲ್ ಸಿಕ್ಕ ಕೂಡಲೇ ಪಿನ್ ಬದಲಿಸಿ. 0000, 1234 ಅಂತ ಬಿಡಬೇಡಿ. ಇದು ಸುಮ್ನೆ ಹೇಳುವ ಬುದ್ಧಿಮಾತಲ್ಲ. 2018ರಲ್ಲಿ ಇಸ್ರೇಲಿನ ಸೈಬರ್ ಭದ್ರತಾ ಸಂಸ್ಥೆ ಒಂದು ಎಚ್ಚರಿಕೆ ಕೊಟ್ಟಿತ್ತು. ಕಳ್ಳರು ನಡುರಾತ್ರಿ ನಿಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆಯಲು ನೋಡುತ್ತಾರೆ, ಓಟಿಪಿಯನ್ನು ಕರೆ ಮಾಡಿ ಹೇಳಿ ಅನ್ನುತ್ತಾರೆ. ನೀವು ನಿದ್ದೆಯಲ್ಲಿರುತ್ತೀರಿ, ಓಟಿಪಿ ವಾಯ್ಸ್‌ಮೇಲ್‌ನಲ್ಲಿ ರೆಕಾರ್ಡ್ ಆಗುತ್ತದೆ. ಪಿನ್ ಸುಲಭವಾಗಿದ್ದರೆ ಕಳ್ಳರೇ ಅದನ್ನು ಕೇಳಿಕೊಂಡು ಖಾತೆ ಹಾರಿಸುತ್ತಾರೆ.

[ದೃಶ್ಯ: ಮತ್ತೆ ಆನ್ಸರಿಂಗ್ ಮಷೀನ್. ಸ್ಪೀಕರ್ ಹತ್ತಿರದಿಂದ.]

ಈಗ ಆ ಇನ್ನೊಂದು ಥರದ ಮನೆ. ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಇರುವ ಮನೆ. ಅವರಿಗೆ ಇ-ಮೇಲ್ ಬೇಡ, ಪಿನ್ ನೆನಪಿರುವುದಿಲ್ಲ. ಕೆಂಪು ದೀಪ ಮಿನುಗಿದರೆ ದೊಡ್ಡ ಗುಂಡಿ ಒತ್ತಬೇಕು, ಅಷ್ಟು ಸಾಕು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕರೆ ಮಾಡಿದವರು ಮಾತಾಡುತ್ತಿರುವಾಗಲೇ ಮಷೀನಿನ ಸ್ಪೀಕರಿನಲ್ಲಿ ಅದು ಕೇಳಿಸುತ್ತದೆ. "ಅತ್ತೆ, ನಾನು ಸುಮಾ" ಅಂದರೆ ಓಡಿಬಂದು ಎತ್ತಬಹುದು. "ನಾವು ಪೊಲೀಸ್, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂದರೆ ಎತ್ತದೆ ಕಾಫಿ ಕುಡಿಯಬಹುದು. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ಮನೆಯ ಲ್ಯಾಂಡ್‌ಲೈನ್ ವಾಯ್ಸ್‌ಮೇಲ್‌ನಲ್ಲಿ ಈ ಅನುಕೂಲ ಸಾಮಾನ್ಯವಾಗಿ ಇರುವುದಿಲ್ಲ. ಸರ್ವರ್ ಎತ್ತಿದ ಮೇಲೆ ಮನೆಯಲ್ಲಿ ಏನೂ ಕೇಳಿಸದು.

ಮಷೀನ್ ತರುವುದಾದರೆ ಇಲ್ಲೇ ಕೊಳ್ಳಿ. ಆನ್ಸರಿಂಗ್ ಸೌಲಭ್ಯ ಇರುವ ಕಾರ್ಡ್‌ಲೆಸ್ ಫೋನ್ ಸಿಗುತ್ತದೆ. ಅಮೆರಿಕದಲ್ಲಿರುವ ಮಗನ ಹತ್ತಿರ ತರಿಸಬೇಡಿ. ಮಲೆನಾಡಿನ ಎಷ್ಟೋ ಮನೆಯಲ್ಲಿ ಒಬ್ಬರಾದರೂ ಅಲ್ಲಿರುವುದರಿಂದ ಈ ಮಾತು. ಅಲ್ಲಿನ ಕರೆಂಟ್ 120 ವೋಲ್ಟ್, ಇಲ್ಲಿ 230. ಅಲ್ಲಿಗೆ ಮಾತ್ರ ಮಾಡಿದ ಅಡಾಪ್ಟರ್ ಇಲ್ಲಿ ಸುಟ್ಟುಹೋಗುತ್ತದೆ. ಅಡಾಪ್ಟರ್ ಬದಲಿಸಿದರೂ ಇನ್ನೊಂದು ತೊಡಕಿದೆ. ಅಲ್ಲಿನ 'ಡೆಕ್ಟ್ 6.0' ಅನ್ನುವ ಮಾದರಿಯ ಕಾರ್ಡ್‌ಲೆಸ್ ಫೋನುಗಳು 1920ರಿಂದ 1930 ಮೆಗಾಹರ್ಟ್ಜ್‌ನಲ್ಲಿ ಮಾತಾಡುತ್ತವೆ. ನಮ್ಮ ದೇಶದಲ್ಲಿ ಆ ಜಾಗ ಮೊಬೈಲ್ ಕಂಪನಿಗಳದು. ಇಲ್ಲಿ ಅದನ್ನು ಬಳಸುವ ಹಾಗಿಲ್ಲ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಹೊರಗಿನಿಂದ ಕರೆ ಮಾಡಿ ಗುಂಡಿ ಒತ್ತಿ ಸಂದೇಶ ಕೇಳುವ ಸೌಲಭ್ಯ ಮಷೀನಿನಲ್ಲಿರುತ್ತದೆ. ಇಂಟರ್ನೆಟ್ ಫೋನಿನಲ್ಲಿ ಧ್ವನಿಯನ್ನು ತುಂಬಾ ಕುಗ್ಗಿಸಿ ಕಳಿಸಿದರೆ ಆ ಗುಂಡಿಯ ಸದ್ದು ಕೆಟ್ಟು, ಮಷೀನಿಗೆ ಅರ್ಥವಾಗದೆ ಹೋಗಬಹುದು.

ಎರಡೂ ಇಟ್ಟುಕೊಳ್ಳಬಹುದಾ? ಧಾರಾಳವಾಗಿ. ಆದರೆ ಯಾರು ಮೊದಲು ಎತ್ತಬೇಕು ಅಂತ ನೀವೇ ಹೇಳಿಡಬೇಕು.

[ದೃಶ್ಯ: ಪರದೆಯ ಮೇಲೆ ಗಡಿಯಾರ. ಫೋನ್ ಬಾರಿಸುತ್ತಿದೆ.]

ನಮ್ಮ ದೇಶದ ರಿಂಗ್ ಕೇಳಿಸಿಕೊಳ್ಳಿ. ಟ್ರಿಂಗ್-ಟ್ರಿಂಗ್, ಆಮೇಲೆ 2 ಸೆಕೆಂಡ್ ಮೌನ. ಒಂದು ಸುತ್ತಿಗೆ 3 ಸೆಕೆಂಡ್. ಅಮೆರಿಕದಲ್ಲಿ ಒಂದು ಸುತ್ತು 6 ಸೆಕೆಂಡ್. ಹಾಗಾಗಿ '4 ರಿಂಗ್' ಅಂತ ಇಟ್ಟರೆ ಅಲ್ಲಿ 24 ಸೆಕೆಂಡ್ ಸಿಗುತ್ತದೆ, ನಮಗೆ ಬರೀ 12. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವವರು ಕೈ ತೊಳೆದು ಜಗಲಿಗೆ ಬರುವಷ್ಟರಲ್ಲಿ 12 ಸೆಕೆಂಡ್ ಮುಗಿದಿರುತ್ತದೆ. ಮಷೀನನ್ನು 6 ಅಥವಾ 7 ರಿಂಗಿಗೆ ಇಡಿ. ವಾಯ್ಸ್‌ಮೇಲ್ ಕಾಯುವ ಹೊತ್ತನ್ನು ಅದಕ್ಕಿಂತ ಜಾಸ್ತಿ, 30 ಸೆಕೆಂಡ್ ಮಾಡಿಸಿ. ಆಗ ಕರೆಂಟ್ ಇರುವ ದಿನ ಮಷೀನ್ ಎತ್ತುತ್ತದೆ, ಇಲ್ಲದ ದಿನ ಸರ್ವರ್ ಎತ್ತುತ್ತದೆ. ನಿಮ್ಮ ಪ್ಲಾನಿನಲ್ಲಿ ವಾಯ್ಸ್‌ಮೇಲ್ ಇದೆಯೇ, ಈ ಹೊತ್ತನ್ನು ಬದಲಿಸಬಹುದೇ, ಮೋಡೆಮ್ ಆರಿದಾಗಲೂ ಅದು ಕರೆ ಎತ್ತುತ್ತದೆಯೇ ಅಂತ ಸೇರುವ ಮೊದಲೇ ಕೇಳಿ.

ನಮ್ಮ ಜನಕ್ಕೆ ಯಂತ್ರದ ಜೊತೆ ಮಾತಾಡಲು ಸಂಕೋಚ. ಬೀಪ್ ಕೇಳಿದರೆ ಕಟ್ ಮಾಡುತ್ತಾರೆ. ಅದಕ್ಕೇ ಶುರುವಿನ ಮಾತನ್ನು ಕನ್ನಡದಲ್ಲಿ, ನಿಮ್ಮದೇ ಧ್ವನಿಯಲ್ಲಿ, ಚಿಕ್ಕದಾಗಿ ಇಡಿ. "ನಮಸ್ಕಾರ, ತೋಟದಲ್ಲಿದ್ದೇವೆ. ಹೆಸರು, ಕೆಲಸ ಹೇಳಿ, ಸಂಜೆ ನಾವೇ ಫೋನ್ ಮಾಡುತ್ತೇವೆ." ಇಷ್ಟು ಸಾಕು. ಊರಲ್ಲಿಲ್ಲ, ಮದುವೆಗೆ ಹೋಗಿದ್ದೇವೆ, ನಾಲ್ಕು ದಿನ ಬಿಟ್ಟು ಬರುತ್ತೇವೆ ಅಂತೆಲ್ಲ ಹೇಳಲು ಹೋಗಬೇಡಿ. ಕಣದಲ್ಲಿ ಅಡಿಕೆ ಒಣಗುತ್ತಿರುವ ಕಾಲದಲ್ಲಂತೂ ಬೇಡವೇ ಬೇಡ.

ಎಲ್ಲ ಹೊಂದಿಸಿದ ಮೇಲೆ ಬೇರೆ ಫೋನಿನಿಂದ ಮನೆಗೆ ಕರೆ ಮಾಡಿ, ಒಂದು ಸಂದೇಶ ಬಿಡಿ. ಆಮೇಲೆ ಮೇನ್ ಸ್ವಿಚ್ ಆರಿಸಿ ಇನ್ನೊಮ್ಮೆ ಮಾಡಿ. ಈ ಎರಡನೇ ಕರೆಯನ್ನು ಯಾರೂ ಎತ್ತದಿದ್ದರೆ ಮರುದಿನವೇ ಕಂಪನಿಗೆ ಹೇಳಿ ಸರಿಮಾಡಿಸಿ. ಮಳೆ ಹಿಡಿದ ಮೇಲೆ ಲೈನ್‌ಮನ್ ಕೈಗೆ ಸಿಗುವುದಿಲ್ಲ.